ವರ್ಗಮೂಲದ ಲಿಮಿಟ್ ಅನ್ನು ಎಪ್ಸಿಲಾನ್–ಡೆಲ್ಟಾದಿಂದ ಸಾಧಿಸುವುದು ಹೇಗೆ: ಮುಂಬಯಿಯ ಕನ್ನಡ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಮುಂಬಯಿಯಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಜೂನಿಯರ್ ಕಾಲೇಜಿನ ಮೆಟ್ಟಿಲು ಹತ್ತಿದ ದಿನದಿಂದ ಗಣಿತವೆಲ್ಲ ಇಂಗ್ಲಿಷ್. ಕರಣಿ, ಅಂಶ, ಛೇದ, ಅಸಮತೆ ಎಂದು ಕಲಿತದ್ದೆಲ್ಲ ಒಂದೇ ಬೇಸಿಗೆ ರಜೆಯಲ್ಲಿ ಹೆಸರು ಬದಲಿಸಿಕೊಳ್ಳುತ್ತದೆ. ಅದನ್ನು ಹೇಗೋ ದಾಟಿ ಎಫ್‌ವೈಬಿಎಸ್ಸಿಗೆ, ಅಂದರೆ ಬಿಎಸ್ಸಿಯ ಮೊದಲ ವರ್ಷಕ್ಕೆ, ಬಂದರೆ ಕಲನಶಾಸ್ತ್ರದಲ್ಲಿ ಎಪ್ಸಿಲಾನ್–ಡೆಲ್ಟಾ ಎದುರಾಗುತ್ತದೆ. 3ಕ್ಷ + 2ರಂಥ ನೇರ ಗೆರೆಯ ಲೆಕ್ಕವನ್ನು ಹೆಚ್ಚಿನವರು ಮಾಡಿಬಿಡುತ್ತಾರೆ. ವರ್ಗಮೂಲದ ಚಿಹ್ನೆ ಕಂಡಾಗ ಪೆನ್ನು ನಿಲ್ಲುತ್ತದೆ. ಹೀಗೆ ನಿಲ್ಲುವ ಜಾಗ ಸಾಮಾನ್ಯವಾಗಿ ಒಂದೇ: ಛೇದದಲ್ಲಿ ಉಳಿದ √ಕ್ಷವನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಈ ಬರಹದ ಬಹುಪಾಲು ಆ ಒಂದು ತೊಡಕಿನ ಮೇಲೇ ಇದೆ.

ಬರವಣಿಗೆಯ ಒಂದು ಒಪ್ಪಂದ ಮೊದಲೇ ಹೇಳಿಬಿಡೋಣ. ಚಲಕಕ್ಕೆ ಇಲ್ಲಿ ಕ್ಷ ಎಂದು ಬರೆದಿದೆ, ಕ್ಷ-ಕಿರಣ ಎನ್ನುವಾಗಿನ ಅದೇ ಕ್ಷ. ಅದು ಸಮೀಪಿಸುವ ಬಿಂದು ಅ, ಫಂಕ್ಷನ್ ಫ(ಕ್ಷ), ಲಿಮಿಟ್ ಲ. ಗ್ರೀಕ್ ಅಕ್ಷರಗಳ ಬದಲು ಎಪ್ಸಿಲಾನ್, ಡೆಲ್ಟಾ ಎಂದೇ ಬರೆದಿದೆ. ಎರಡು ಸಂಖ್ಯೆಗಳಲ್ಲಿ ಚಿಕ್ಕದು ಎನ್ನಲು ಕನಿಷ್ಠ( , ) ಎಂಬ ಗುರುತಿದೆ. ಉತ್ತರ ಪತ್ರಿಕೆಯಲ್ಲಿ ನಿಮ್ಮ ಕಾಲೇಜಿನ ಅಕ್ಷರಗಳನ್ನೇ ಬಳಸಿ.

ವ್ಯಾಖ್ಯೆ ಕೇಳುವುದೇನು

ಕ್ಷ ಎಂಬುದು ಅ ಕಡೆಗೆ ಹೋದಾಗ ಫ(ಕ್ಷ)ದ ಲಿಮಿಟ್ ಲ ಎಂದರೆ: ಎಪ್ಸಿಲಾನ್ > 0 ಯಾವುದೇ ಕೊಟ್ಟರೂ, ಅದಕ್ಕೆ ತಕ್ಕ ಒಂದು ಡೆಲ್ಟಾ > 0 ಸಿಗಬೇಕು, 0 < |ಕ್ಷ − ಅ| < ಡೆಲ್ಟಾ ಇರುವ ಪ್ರತಿಯೊಂದು ಕ್ಷಕ್ಕೂ |ಫ(ಕ್ಷ) − ಲ| < ಎಪ್ಸಿಲಾನ್ ಆಗಬೇಕು.

ಗಣಿತಜ್ಞರಾದ ಬೊಲ್ಜಾನೊ 1817ರಲ್ಲಿ, ಕೋಶಿ 1821ರಲ್ಲಿ ಬಹುಪಾಲು ಮಾತಿನಲ್ಲಿ ಹೇಳಿದ್ದನ್ನು ಬರ್ಲಿನ್‌ನಲ್ಲಿ ಪಾಠ ಹೇಳುತ್ತಿದ್ದ ವಿಯರ್‌ಸ್ಟ್ರಾಸ್ 1860ರ ದಶಕದಲ್ಲಿ ಹೀಗೆ ಅಸಮತೆಗಳಲ್ಲಿ ಕಟ್ಟಿಕೊಟ್ಟರು. ‘ಹತ್ತಿರ ಹತ್ತಿರ ಹೋಗುತ್ತದೆ’ ಎಂಬ ಮಾತಿನಲ್ಲಿ ಎಷ್ಟು ಹತ್ತಿರ ಎಂಬ ಪ್ರಶ್ನೆಗೆ ಜಾಗವಿರಲಿಲ್ಲ. ಇಲ್ಲಿ ಜಾಗವಿದೆ ಮಾತ್ರವಲ್ಲ, ಉತ್ತರ ಕೊಡದೆ ಬಿಡುಗಡೆಯೇ ಇಲ್ಲ.

ವ್ಯಾಖ್ಯೆಯಲ್ಲಿ ಸರದಿಯೊಂದಿದೆ. ಮೊದಲು ಎದುರಿನವರು ಎಪ್ಸಿಲಾನ್ ಕೊಡುತ್ತಾರೆ. ಆಮೇಲೆ ನೀವು ಡೆಲ್ಟಾ ಹೇಳುತ್ತೀರಿ. ಕೊನೆಗೆ ಅವರು ಡೆಲ್ಟಾದೊಳಗಿನ ಯಾವುದೋ ಕ್ಷ ಆರಿಸಿ ಪರೀಕ್ಷೆ ಮಾಡುತ್ತಾರೆ. ನಿಮ್ಮ ಸರದಿ ಬಂದಾಗ ಕ್ಷ ಇನ್ನೂ ಹುಟ್ಟಿಯೇ ಇಲ್ಲ. ಹಾಗಾಗಿ ಡೆಲ್ಟಾದಲ್ಲಿ ಎಪ್ಸಿಲಾನ್ ಬರಬಹುದು, ಅ ಬರಬಹುದು, ಕ್ಷ ಮಾತ್ರ ಬರಕೂಡದು. ‘ಡೆಲ್ಟಾ = ಎಪ್ಸಿಲಾನ್ × (√ಕ್ಷ + 3)’ ಎಂದು ಬರೆದವರ ಬೀಜಗಣಿತವೆಲ್ಲ ಸರಿಯಿದ್ದರೂ ಸಾಧನೆ (ಪ್ರೂಫ್) ಬಿದ್ದುಹೋಗುವುದು ಈ ಕಾರಣಕ್ಕೆ.

225 ಚದರಡಿಯ ಕೋಣೆ

ಸೂತ್ರಕ್ಕೆ ಕೈ ಹಾಕುವ ಮೊದಲು ಸಂಖ್ಯೆಗಳಲ್ಲಿ ಒಮ್ಮೆ ನೋಡಿ. ಮುಂಬಯಿಯ ಕೊಳೆಗೇರಿ ಪುನರ್ವಸತಿ ಯೋಜನೆಯಲ್ಲಿ ಮೊದಲು ಕೊಡುತ್ತಿದ್ದ ಮನೆಯ ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ಜಾಗ) 225 ಚದರಡಿ. ಆಮೇಲೆ ಅದು 269 ಆಯಿತು, ಬಳಿಕ 300. ಲೆಕ್ಕಕ್ಕೆ 225 ಬಹಳ ಅನುಕೂಲ. ಅಷ್ಟೂ ಜಾಗ ಒಂದೇ ಚೌಕ ಕೋಣೆ ಎಂದುಕೊಂಡರೆ ಬದಿಯ ಉದ್ದ √225, ಅಂದರೆ 15 ಅಡಿ.

ಬದಿಯ ಉದ್ದ 15 ಅಡಿಯಿಂದ 0.1 ಅಡಿಗಿಂತ ಹೆಚ್ಚು ಆಚೀಚೆ ಆಗಬಾರದು ಎಂದು ಯಾರೋ ಷರತ್ತು ಹಾಕಿದರು. ಅದು ಎಪ್ಸಿಲಾನ್. ಹಾಗಾದರೆ ವಿಸ್ತೀರ್ಣ 225ರಿಂದ ಎಷ್ಟು ಸರಿಯಬಹುದು? ಅದು ಡೆಲ್ಟಾ. ನೇರವಾಗಿ ಲೆಕ್ಕ ಹಾಕಿದರೆ 14.9ರ ವರ್ಗ 222.01, 15.1ರ ವರ್ಗ 228.01. ಕೆಳಗಡೆ 2.99 ಚದರಡಿ ಸಡಿಲವಿದೆ, ಮೇಲುಗಡೆ 3.01. ಡೆಲ್ಟಾ ಎರಡೂ ಕಡೆಗೆ ಒಂದೇ ಅಳತೆಯಾದ್ದರಿಂದ ಸಲ್ಲುವ ಅತಿ ದೊಡ್ಡ ಡೆಲ್ಟಾ 2.99.

ಎರಡು ಕಡೆಯ ಸಡಿಲ ಸಮವಾಗಿಲ್ಲ ಎಂಬುದನ್ನು ಗಮನಿಸಿ. ವರ್ಗಮೂಲದ ರೇಖೆ ಬಲಕ್ಕೆ ಹೋದಷ್ಟೂ ಚಪ್ಪಟೆ, ಎಡಕ್ಕೆ ಬಂದಷ್ಟೂ ಕಡಿದು. ಹಾಗಾಗಿ ತೊಂದರೆ ಯಾವಾಗಲೂ ಎಡಗಡೆಯಿಂದಲೇ ಬರುತ್ತದೆ. ಮುಂದೆ ಒಂದು ತಪ್ಪನ್ನು ಹಿಡಿಯುವಾಗ ಈ 0.02ರಷ್ಟು ಚಿಕ್ಕ ವ್ಯತ್ಯಾಸವೇ ಕೆಲಸಕ್ಕೆ ಬರುತ್ತದೆ.

ನಾವು ಮುಂದೆ ಕಟ್ಟುವ ಸಾಧನೆ ಇದೇ ಕೋಣೆಗೆ ಕೊಡುವ ಡೆಲ್ಟಾ 15 × 0.1 = 1.5. ಪರೀಕ್ಷಿಸಿ: √226.5 ಸುಮಾರು 15.0499, √223.5 ಸುಮಾರು 14.9499. ವ್ಯತ್ಯಾಸ 0.05ರ ಆಸುಪಾಸು, ಷರತ್ತಿನ ಅರ್ಧದಷ್ಟೇ. ಸಿಗಬಹುದಾದ ಡೆಲ್ಟಾದ ಸುಮಾರು ಅರ್ಧವನ್ನು ನಾವು ಬಿಟ್ಟುಕೊಟ್ಟಿದ್ದೇವೆ. ಅದರಿಂದ ನಷ್ಟವೇನೂ ಇಲ್ಲ. ವ್ಯಾಖ್ಯೆ ಕೇಳುವುದು ಒಂದು ಡೆಲ್ಟಾವನ್ನು, ಅತಿ ದೊಡ್ಡ ಡೆಲ್ಟಾವನ್ನಲ್ಲ. ಒಂದು ಡೆಲ್ಟಾ ಸಂದರೆ ಅದಕ್ಕಿಂತ ಚಿಕ್ಕದೆಲ್ಲವೂ ಸಲ್ಲುತ್ತದೆ. ಈ ಸಡಿಲ ಕೈಯಲ್ಲಿರುವುದರಿಂದಲೇ ಸಾಧನೆ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ.

ರಫ್ ಕೆಲಸ: 9ರ ಬಳಿ √ಕ್ಷ

ಕ್ಷ 9ರ ಕಡೆ ಹೋದಾಗ √ಕ್ಷದ ಲಿಮಿಟ್ 3 ಎಂದು ಸಾಧಿಸಬೇಕಾಗಿದೆ. ಪುಟದ ಬಲ ಅಂಚಿನಲ್ಲಿ ಗೆರೆ ಎಳೆದು ರಫ್ ಕೆಲಸ ಶುರು ಮಾಡಿ.

ಮೊದಲ ಹೆಜ್ಜೆ: ಯಾವುದು ಎಪ್ಸಿಲಾನ್‌ಗಿಂತ ಚಿಕ್ಕದಾಗಬೇಕೋ ಅದನ್ನು ಬರೆಯಿರಿ. ಇಲ್ಲಿ ಅದು |√ಕ್ಷ − 3|.

ಎರಡನೆಯದು: ಇದರೊಳಗೆ |ಕ್ಷ − 9| ಎಲ್ಲಿದೆ ಎಂದು ಹುಡುಕಬೇಕು. ಒಂಬತ್ತು, ಹತ್ತನೇ ತರಗತಿಯಲ್ಲಿ ಕರಣಿಗಳ ಛೇದವನ್ನು ಅಕರಣೀಕರಿಸುತ್ತಿದ್ದುದು, ಅಂದರೆ ಛೇದದಿಂದ ಮೂಲದ ಚಿಹ್ನೆ ತೆಗೆಯುತ್ತಿದ್ದುದು, ನೆನಪಿರಬೇಕು. ಅದೇ ಉಪಾಯವನ್ನು ಇಲ್ಲಿ ಅಂಶಕ್ಕೆ ಹಚ್ಚುತ್ತೇವೆ. ಮೇಲೆ ಕೆಳಗೆ √ಕ್ಷ + 3ರಿಂದ ಗುಣಿಸಿ:

|√ಕ್ಷ − 3| = |ಕ್ಷ − 9| / (√ಕ್ಷ + 3)

ಮೂರನೆಯದೇ ಪೆನ್ನು ನಿಲ್ಲುವ ಜಾಗ. ಛೇದದಲ್ಲಿ √ಕ್ಷ ಇದೆ, ಡೆಲ್ಟಾದಲ್ಲಿ ಕ್ಷ ಬರಕೂಡದು. ಹಾಗಾಗಿ ಛೇದದ ಬದಲು ಒಂದು ಸ್ಥಿರ ಸಂಖ್ಯೆ ಇಡಬೇಕು, ಆದರೆ ಭಿನ್ನರಾಶಿ ಚಿಕ್ಕದಾಗದಂತೆ. ಛೇದ ಕಿರಿದಾದರೆ ಭಿನ್ನರಾಶಿ ಹಿರಿದಾಗುತ್ತದೆ. ಆದ್ದರಿಂದ ಛೇದವನ್ನು ಕೆಳಗಿನಿಂದ ಹಿಡಿಯಬೇಕು: ಅದು ಎಷ್ಟಕ್ಕಿಂತ ಕೆಳಗೆ ಇಳಿಯಲಾರದು? √ಕ್ಷ ಎಂದೂ ಋಣ ಸಂಖ್ಯೆಯಲ್ಲ. ಹಾಗಾಗಿ √ಕ್ಷ + 3 ಎಂದೂ 3ಕ್ಕಿಂತ ಕಡಿಮೆಯಿಲ್ಲ. √ಕ್ಷವನ್ನು ಸುಮ್ಮನೆ ಕೈಬಿಡಿ:

|√ಕ್ಷ − 3| ≤ |ಕ್ಷ − 9| / 3

ನಾಲ್ಕನೆಯದು: ಬಲಗಡೆಯದು ಎಪ್ಸಿಲಾನ್‌ಗಿಂತ ಚಿಕ್ಕದಾಗಲು |ಕ್ಷ − 9| < 3 ಎಪ್ಸಿಲಾನ್ ಇದ್ದರೆ ಸಾಕು.

ಐದನೆಯದು ಹೆಚ್ಚಿನವರು ಮರೆಯುವ ಹೆಜ್ಜೆ. √ಕ್ಷ ಎಂದು ಬರೆಯಲು ಕ್ಷ ≥ 0 ಇರಬೇಕು. ಎದುರಿನವರು ಎಪ್ಸಿಲಾನ್ = 4 ಕೊಟ್ಟರೆ 3 ಎಪ್ಸಿಲಾನ್ = 12; 9ರಿಂದ 12ರ ಒಳಗೆ −2 ಕೂಡ ಇದೆ. ಅಲ್ಲಿ √ಕ್ಷಕ್ಕೆ ವಾಸ್ತವ ಬೆಲೆಯೇ ಇಲ್ಲ. ಇದಕ್ಕೊಂದು ಕಾವಲು ಬೇಕು: ಡೆಲ್ಟಾ 9ನ್ನು ಮೀರದಿರಲಿ. ಆಗ ಕ್ಷ > 0 ಖಚಿತ. ಹಾಗಾಗಿ

ಡೆಲ್ಟಾ = ಕನಿಷ್ಠ(9, 3 ಎಪ್ಸಿಲಾನ್)

ಉತ್ತರ ಪತ್ರಿಕೆಗೆ ಹೋಗುವ ರೂಪ

ರಫ್ ಕೆಲಸ ಎಪ್ಸಿಲಾನ್‌ನಿಂದ ಹಿಂದಕ್ಕೆ ನಡೆದು ಡೆಲ್ಟಾ ಕಂಡುಹಿಡಿಯುತ್ತದೆ. ಸಾಧನೆ ಡೆಲ್ಟಾದಿಂದ ಮುಂದಕ್ಕೆ ನಡೆದು ಎಪ್ಸಿಲಾನ್ ಮುಟ್ಟುತ್ತದೆ. ಎರಡನ್ನೂ ಕಲಸಿದರೆ ಸಾಧಿಸಬೇಕಾದದ್ದನ್ನೇ ಮೊದಲು ಒಪ್ಪಿಕೊಂಡಂತೆ ಕಾಣುತ್ತದೆ. ಹೀಗೆ ಬರೆಯಿರಿ:

ಎಪ್ಸಿಲಾನ್ > 0 ಕೊಟ್ಟಿದೆ ಎಂದಿರಲಿ. ಡೆಲ್ಟಾ = ಕನಿಷ್ಠ(9, 3 ಎಪ್ಸಿಲಾನ್) ಎಂದು ತೆಗೆದುಕೊಳ್ಳೋಣ; ಸ್ಪಷ್ಟವಾಗಿ ಡೆಲ್ಟಾ > 0. ಈಗ 0 < |ಕ್ಷ − 9| < ಡೆಲ್ಟಾ ಆಗಿರಲಿ. ಡೆಲ್ಟಾ ≤ 9 ಆದ್ದರಿಂದ ಕ್ಷ > 0, ಹಾಗಾಗಿ √ಕ್ಷ ವಾಸ್ತವ ಸಂಖ್ಯೆ ಮತ್ತು √ಕ್ಷ + 3 > 3. ಆದ್ದರಿಂದ

|√ಕ್ಷ − 3| = |ಕ್ಷ − 9| / (√ಕ್ಷ + 3) < |ಕ್ಷ − 9| / 3 < ಡೆಲ್ಟಾ / 3 ≤ ಎಪ್ಸಿಲಾನ್.

ಎಪ್ಸಿಲಾನ್ ಯಾವುದೇ ಇರಬಹುದಾದ್ದರಿಂದ ಲಿಮಿಟ್ 3.

ಇದರಲ್ಲಿ 9ರ ಜಾಗದಲ್ಲಿ ಅ, 3ರ ಜಾಗದಲ್ಲಿ √ಅ ಇಟ್ಟರೆ ಎಲ್ಲ ಧನ ಸಂಖ್ಯೆ ಅಗಳಿಗೂ ಸಾಧನೆ ಸಿದ್ಧ: ಡೆಲ್ಟಾ = ಕನಿಷ್ಠ(ಅ, √ಅ × ಎಪ್ಸಿಲಾನ್).

√ಕ್ಷದ ಬದಲು 3 ಇಟ್ಟರೆ ಏನಾಗುತ್ತದೆ

‘ಕ್ಷ 9ರ ಹತ್ತಿರವೇ ಇದೆ, ಹಾಗಾದರೆ √ಕ್ಷ + 3 ಸುಮಾರು 6; ಡೆಲ್ಟಾ = 6 ಎಪ್ಸಿಲಾನ್ ಸಾಕು’ ಎಂಬುದು ಬಹಳ ಸಲ ಕಾಣುವ ತಪ್ಪು. ಮೂಡುವುದು ಸಹಜ, ಏಕೆಂದರೆ 9ರಲ್ಲಿ √ಕ್ಷದ ಇಳಿಜಾರು ನಿಜವಾಗಿಯೂ 1/6. ಆದರೂ ಇದು ಸುಳ್ಳು, ಮತ್ತು ಎಷ್ಟು ಸುಳ್ಳೆಂದು ಅಳೆದೇ ತೋರಿಸಬಹುದು.

ಎಪ್ಸಿಲಾನ್ = 0.1 ತೆಗೆದುಕೊಳ್ಳಿ. 6 ಎಪ್ಸಿಲಾನ್ = 0.6. ಕ್ಷ = 8.405 ಆರಿಸಿ, 9ರಿಂದ ದೂರ 0.595, ಅಂದರೆ 0.6ರ ಒಳಗೇ ಇದೆ. √8.405 ಸುಮಾರು 2.8991. 3ರಿಂದ ದೂರ ಸುಮಾರು 0.1009. ಷರತ್ತು ಮುರಿಯಿತು. 2.9ರ ವರ್ಗ 8.41, ಹಾಗಾಗಿ ಎಡಗಡೆ ಇದ್ದ ಸಡಿಲ 0.59 ಮಾತ್ರ, ನೀವು ಕೇಳಿದ್ದು 0.60. ಸೋಲು ನೂರರಲ್ಲೊಂದು ಭಾಗದಷ್ಟೇ, ಆದರೂ ಸೋಲು. ಕೋಣೆಯ ಲೆಕ್ಕದಲ್ಲಿ ಕಂಡ ಎಡ–ಬಲದ ವ್ಯತ್ಯಾಸ ಇಲ್ಲಿ ಸಾಧನೆಯನ್ನೇ ಕೆಡವಿತು. ನಮ್ಮ 3 ಎಪ್ಸಿಲಾನ್ ಕೊಟ್ಟ 0.3 ಮಾತ್ರ ನಿಶ್ಚಿಂತೆಯಿಂದ ಒಳಗಿದೆ.

3ಕ್ಕಿಂತ ದೊಡ್ಡ ಗುಣಕ ಬೇಕೇ ಬೇಕೆಂದರೆ ನ್ಯಾಯವಾದ ದಾರಿಯಿದೆ. ಕಾವಲನ್ನು 9ರ ಬದಲು 5ಕ್ಕೆ ಬಿಗಿ ಮಾಡಿ. ಆಗ ಕ್ಷ > 4, √ಕ್ಷ > 2, ಛೇದ 5ಕ್ಕಿಂತ ಹೆಚ್ಚು; ಡೆಲ್ಟಾ = ಕನಿಷ್ಠ(5, 5 ಎಪ್ಸಿಲಾನ್). ಸಾಧನೆ ಸರಿ, ಆದರೆ ಇದರಿಂದ ಹೆಚ್ಚಿಗೆ ಸಾಧಿಸಿದ್ದೇನೂ ಇಲ್ಲ. ಪರೀಕ್ಷೆಯಲ್ಲಿ ಸರಳವಾದದ್ದನ್ನೇ ಬರೆಯಿರಿ.

ಸೊನ್ನೆಯಲ್ಲಿ

ಅ = 0 ಆದಾಗ ಮೇಲಿನ ಸೂತ್ರ ಕೊಡುವ ಡೆಲ್ಟಾ ಸೊನ್ನೆ. ಡೆಲ್ಟಾ ಧನವಾಗಿರಲೇಬೇಕು, ಹಾಗಾಗಿ ಸೂತ್ರ ಇಲ್ಲಿ ಸತ್ತಂತೆ. ಲಿಮಿಟ್ ಮಾತ್ರ ಇದೆ, ಅದು 0. ಬೇರೆ ದಾರಿ ಹಿಡಿಯಬೇಕು, ಮತ್ತು ಆ ದಾರಿ ಇನ್ನೂ ಚಿಕ್ಕದು: ಕ್ಷ > 0 ಇದ್ದಾಗ √ಕ್ಷ < ಎಪ್ಸಿಲಾನ್ ಎಂಬುದೂ ಕ್ಷ < ಎಪ್ಸಿಲಾನ್² ಎಂಬುದೂ ಒಂದೇ. ಡೆಲ್ಟಾ = ಎಪ್ಸಿಲಾನ್². ಮುಗಿಯಿತು.

ಆದರೆ ಬೆಲೆ ನೋಡಿ. ಎಪ್ಸಿಲಾನ್ 0.1 ಆದರೆ ಡೆಲ್ಟಾ 0.01, 0.01 ಆದರೆ 0.0001. ಅದೇ 225ರ ಬಳಿ ಎಪ್ಸಿಲಾನ್ 0.01ಕ್ಕೆ 0.15ರಷ್ಟು ಧಾರಾಳ ಡೆಲ್ಟಾ ಸಿಗುತ್ತಿತ್ತು. ಸೊನ್ನೆಯ ಬಳಿ √ಕ್ಷ ಗೋಡೆಯಂತೆ ನೇರ ಏಳುತ್ತದೆ. ಅಲ್ಲಿ ಅದರ ಇಳಿಜಾರಿಗೆ ಮಿತಿಯೇ ಇಲ್ಲ. ಎಪ್ಸಿಲಾನ್‌ಗೆ ನೇರ ಅನುಪಾತದಲ್ಲಿರುವ ಯಾವ ಡೆಲ್ಟಾವೂ ಅಲ್ಲಿ ಸಾಲದಿರುವುದು ಅದಕ್ಕೇ.

ಸೊನ್ನೆಯ ಎಡಕ್ಕೆ √ಕ್ಷ ಇಲ್ಲ. ಹಾಗಾಗಿ ಕೆಲವರು ಇದನ್ನು ಬಲಗಡೆಯ ಲಿಮಿಟ್ ಎಂದೇ ಬರೆಯಿಸುತ್ತಾರೆ; ಕೆಲವರ ವ್ಯಾಖ್ಯೆಯಲ್ಲಿ ‘ಡೊಮೇನ್‌ನಲ್ಲಿರುವ ಪ್ರತಿಯೊಂದು ಕ್ಷಕ್ಕೂ’ (ಡೊಮೇನ್ ಎಂದರೆ ಫಂಕ್ಷನ್‌ಗೆ ಬೆಲೆ ಇರುವ ಕ್ಷಗಳೆಲ್ಲ) ಎಂಬ ಮಾತು ಸೇರಿರುವುದರಿಂದ ಬರೇ ಲಿಮಿಟ್ ಎಂದರೂ ಸರಿ. ನಿಮ್ಮ ತರಗತಿಯಲ್ಲಿ ಬರೆಸಿದ ವ್ಯಾಖ್ಯೆ ಯಾವುದೋ ಅದನ್ನೇ ಅನುಸರಿಸಿ. ಬಲಗಡೆಯ ಲಿಮಿಟ್ ಆದರೆ ಷರತ್ತನ್ನು 0 < ಕ್ಷ < ಡೆಲ್ಟಾ ಎಂದು ಬರೆಯಿರಿ, ಮಾಡ್ ಗೆರೆಗಳಿಲ್ಲದೆ.

ಇದೇ ಎಪ್ಸಿಲಾನ್² ಎಲ್ಲ ಅಗಳಿಗೂ ನಡೆಯುತ್ತದೆ ಎಂಬುದು ತುಂಬ ಚೆಂದದ ಸಂಗತಿ. ಎರಡು ಋಣವಲ್ಲದ ಸಂಖ್ಯೆಗಳ ವ್ಯತ್ಯಾಸ ಅವುಗಳ ಮೊತ್ತವನ್ನು ಮೀರದು, ಹಾಗಾಗಿ

|√ಕ್ಷ − √ಅ|² ≤ |√ಕ್ಷ − √ಅ| × (√ಕ್ಷ + √ಅ) = |ಕ್ಷ − ಅ|

ಅಂದರೆ |ಕ್ಷ − ಅ| < ಎಪ್ಸಿಲಾನ್² ಆದರೆ |√ಕ್ಷ − √ಅ| < ಎಪ್ಸಿಲಾನ್. ಡೊಮೇನ್ ಕ್ಷ ≥ 0 ಎಂದಿಟ್ಟುಕೊಂಡರೆ ಡೆಲ್ಟಾದಲ್ಲಿ ಅ ಕಾಣಿಸುವುದೇ ಇಲ್ಲ. ಮುಂದೆ ಯೂನಿಫಾರ್ಮ್ ಕಂಟಿನ್ಯುಟಿ (ಎಲ್ಲ ಬಿಂದುಗಳಿಗೂ ಒಂದೇ ಡೆಲ್ಟಾ ಸಲ್ಲುವುದು) ಎಂಬ ಪಾಠ ಬಂದಾಗ ಇದೇ ಸಾಲು ಮತ್ತೆ ಸಿಗುತ್ತದೆ. ಆಗ ಅದು ಹಳೆಯ ಪರಿಚಯವಾಗಿರಲಿ.

ವರ್ಗ ಮಾಡಿ ಬಿಡಿಸುವ ದಾರಿ, ಮತ್ತು ಅದರ ಗುಂಡಿ

ಕೆಲವರಿಗೆ ಅಕರಣೀಕರಣಕ್ಕಿಂತ ಅಸಮತೆಯನ್ನು ನೇರ ಬಿಡಿಸುವುದು ಇಷ್ಟ. |√ಕ್ಷ − 3| < ಎಪ್ಸಿಲಾನ್ ಎಂದರೆ 3 − ಎಪ್ಸಿಲಾನ್ < √ಕ್ಷ < 3 + ಎಪ್ಸಿಲಾನ್. ವರ್ಗ ಮಾಡಿದರೆ 9 − 6 ಎಪ್ಸಿಲಾನ್ + ಎಪ್ಸಿಲಾನ್² < ಕ್ಷ < 9 + 6 ಎಪ್ಸಿಲಾನ್ + ಎಪ್ಸಿಲಾನ್². ಎಡಗಡೆಯ ಸಡಿಲ ಚಿಕ್ಕದು, ಹಾಗಾಗಿ ಡೆಲ್ಟಾ = 6 ಎಪ್ಸಿಲಾನ್ − ಎಪ್ಸಿಲಾನ್². ಎಪ್ಸಿಲಾನ್ 0.1 ಹಾಕಿದರೆ 0.59. ಮೇಲೆ ಕಂಡ ಅದೇ ನಿಖರ ಸಂಖ್ಯೆ.

ಗುಂಡಿ ಎಲ್ಲಿದೆ? ಎಪ್ಸಿಲಾನ್ = 7 ಹಾಕಿ ನೋಡಿ: 42 − 49 = −7. ಋಣ ಡೆಲ್ಟಾ! ವರ್ಗ ಮಾಡುವಾಗ ಎಡಗಡೆಯ 3 − ಎಪ್ಸಿಲಾನ್ ಋಣವಾಗಿತ್ತು, ಋಣ ಸಂಖ್ಯೆ ಇರುವ ಅಸಮತೆಯನ್ನು ಕಣ್ಣು ಮುಚ್ಚಿ ವರ್ಗ ಮಾಡುವಂತಿಲ್ಲ. ಪರಿಹಾರ ಒಂದು ಸಾಲಿನದು: ‘ಎಪ್ಸಿಲಾನ್ < 3 ಎಂದು ಭಾವಿಸಿದರೆ ಸಾಕು, ಚಿಕ್ಕ ಎಪ್ಸಿಲಾನ್‌ಗೆ ಸಲ್ಲುವ ಡೆಲ್ಟಾ ದೊಡ್ಡದಕ್ಕೂ ಸಲ್ಲುತ್ತದೆ.’ ಈ ಸಾಲು ಇಲ್ಲದಿದ್ದರೆ ಸಾಧನೆ ಅಪೂರ್ಣ. ಇದನ್ನು ಬರೆಯಲು ಮರೆಯುವ ಅಭ್ಯಾಸವಿದ್ದರೆ ಅಕರಣೀಕರಣದ ದಾರಿಯಲ್ಲೇ ಹೋಗುವುದು ಮೇಲು.

ಮೂಲದೊಳಗೆ ಬೇರೆ ಏನಾದರೂ ಇದ್ದಾಗ

√(2ಕ್ಷ + 1), ಕ್ಷ 4ರ ಕಡೆ, ಲಿಮಿಟ್ 3. ಅದೇ ಗುಣಾಕಾರ ಮಾಡಿದರೆ ಅಂಶ |2ಕ್ಷ + 1 − 9| = 2|ಕ್ಷ − 4|, ಛೇದ 3ಕ್ಕಿಂತ ಕಡಿಮೆಯಿಲ್ಲ. ಡೊಮೇನ್ ಕ್ಷ ≥ −1/2, 4ರಿಂದ ಅಲ್ಲಿಗೆ ದೂರ 4.5. ಡೆಲ್ಟಾ = ಕನಿಷ್ಠ(4.5, 3 ಎಪ್ಸಿಲಾನ್ / 2). ಕಾವಲಿನ ಸಂಖ್ಯೆ ಅ ಅಲ್ಲ, ಡೊಮೇನ್‌ನ ಅಂಚಿಗಿರುವ ದೂರ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

√(ಕ್ಷ² + 9), ಕ್ಷ 4ರ ಕಡೆ, ಲಿಮಿಟ್ 5. ಅಂಶ |ಕ್ಷ² − 16| = |ಕ್ಷ − 4| × |ಕ್ಷ + 4|, ಛೇದ √(ಕ್ಷ² + 9) + 5. ಈಗ |ಕ್ಷ + 4| ಎಂಬ ಹೊಸ ಅತಿಥಿ ಬಂದಿದೆ, ಅದು ಅಂಶದಲ್ಲಿರುವುದರಿಂದ ಮೇಲಿನಿಂದ ಹಿಡಿಯಬೇಕು. ವಾಡಿಕೆಯ ದಾರಿ: ಡೆಲ್ಟಾ ≤ 1 ಎಂದು ಕಾವಲಿಡಿ, ಆಗ ಕ್ಷ + 4 < 9, ಛೇದ ≥ 5, ಡೆಲ್ಟಾ = ಕನಿಷ್ಠ(1, 5 ಎಪ್ಸಿಲಾನ್ / 9). ಇದು ಸರಿಯಾದ ಉತ್ತರ. ಆದರೆ ಒಂದು ಕ್ಷಣ ನಿಂತು ನೋಡಿದರೆ √(ಕ್ಷ² + 9) ≥ |ಕ್ಷ| ಎಂದು ಕಾಣುತ್ತದೆ. ಹಾಗಾದರೆ |ಕ್ಷ + 4| / ಛೇದ ಎಂಬುದು (|ಕ್ಷ| + 4) / (|ಕ್ಷ| + 5)ಕ್ಕಿಂತ ಹೆಚ್ಚಿಲ್ಲ, ಅದು ಯಾವಾಗಲೂ 1ಕ್ಕಿಂತ ಕಡಿಮೆ. ಡೆಲ್ಟಾ = ಎಪ್ಸಿಲಾನ್, ಕಾವಲೇ ಬೇಡ! ಡೊಮೇನ್ ಇಡೀ ಸಂಖ್ಯಾರೇಖೆ ಆದ್ದರಿಂದ ಆ ಭಯವೂ ಇಲ್ಲ.

1/√ಕ್ಷ, ಕ್ಷ 4ರ ಕಡೆ, ಲಿಮಿಟ್ 1/2. ಇದರಲ್ಲಿ ಎಚ್ಚರ ಹೆಚ್ಚು ಬೇಕು. ಬಿಡಿಸಿದಾಗ ಸಿಗುವುದು

|1/√ಕ್ಷ − 1/2| = |ಕ್ಷ − 4| / (2√ಕ್ಷ × (2 + √ಕ್ಷ))

ಇಷ್ಟು ಹೊತ್ತು √ಕ್ಷವನ್ನು ಕೈಬಿಟ್ಟರೂ ಛೇದದಲ್ಲಿ ಒಂದು ಸಂಖ್ಯೆ ಉಳಿಯುತ್ತಿತ್ತು. ಇಲ್ಲಿ √ಕ್ಷ ಗುಣಕವಾಗಿದೆ. ಅದನ್ನು 0 ಎಂದು ಹಿಡಿದರೆ ಛೇದವೇ ಸೊನ್ನೆ. ಕಾವಲು 4 ಎಂದಿಟ್ಟರೆ ಸಾಲದು, ಏಕೆಂದರೆ ಕ್ಷ ಆಗ 0.0001 ಕೂಡ ಆಗಬಹುದು, ಛೇದ ಎಷ್ಟು ಬೇಕಾದರೂ ಕುಸಿಯಬಹುದು. ಕಾವಲು ಸೊನ್ನೆಯಿಂದ ದೂರ ನಿಲ್ಲಿಸಬೇಕು: ಡೆಲ್ಟಾ ≤ 3. ಆಗ ಕ್ಷ > 1, √ಕ್ಷ > 1, ಛೇದ 2 × 1 × 3 = 6ಕ್ಕಿಂತ ಹೆಚ್ಚು. ಡೆಲ್ಟಾ = ಕನಿಷ್ಠ(3, 6 ಎಪ್ಸಿಲಾನ್).

(ಕ್ಷ − 9) / (√ಕ್ಷ − 3), ಕ್ಷ 9ರ ಕಡೆ. 9ರಲ್ಲಿ ಇದಕ್ಕೆ ಬೆಲೆಯೇ ಇಲ್ಲ, 0/0. ವ್ಯಾಖ್ಯೆಯಲ್ಲಿರುವ ‘0 <’ ಎಂಬ ಪುಟ್ಟ ತುಂಡು ಯಾಕಿದೆ ಎಂಬುದಕ್ಕೆ ಇದೇ ಉತ್ತರ: ಅದು ಕ್ಷ = 9ನ್ನು ಹೊರಗಿಡುತ್ತದೆ. ಉಳಿದೆಡೆ ಇದು √ಕ್ಷ + 3ಕ್ಕೆ ಸಮ, ಲಿಮಿಟ್ 6, |ಫ(ಕ್ಷ) − 6| = |√ಕ್ಷ − 3|. ಡೆಲ್ಟಾ ಹಳೆಯದೇ.

ಘನಮೂಲ ಮತ್ತು ಮುಂದಿನವು

ಘನಮೂಲ ಋಣ ಸಂಖ್ಯೆಗೂ ಇದೆ, ಹಾಗಾಗಿ ಡೊಮೇನ್ ಕಾವಲು ಬೇಡ. ಬೇಕಾದದ್ದು ಬೇರೆ ಗುಣಕ: ತ³ − ಸ³ = (ತ − ಸ)(ತ² + ತಸ + ಸ²). 8ರ ಬಳಿ ∛ಕ್ಷದ ಲಿಮಿಟ್ 2 ಎಂದು ಸಾಧಿಸಲು ತ = ∛ಕ್ಷ ಎಂದಿಡಿ:

|ತ − 2| = |ಕ್ಷ − 8| / (ತ² + 2ತ + 4)

ಛೇದವನ್ನು ಕೆಳಗಿನಿಂದ ಹಿಡಿಯಲು ಪೂರ್ಣ ವರ್ಗ ಮಾಡಿ: ತ² + 2ತ + 4 = (ತ + 1)² + 3 ≥ 3. ಡೆಲ್ಟಾ = 3 ಎಪ್ಸಿಲಾನ್, ಅಷ್ಟೇ. ‘ಛೇದ ≥ 4’ ಎಂದು ಬರೆಯುವವರಿದ್ದಾರೆ; ತ ಋಣವಾದಾಗ ಅದು ಸುಳ್ಳು, ತ = −1ರಲ್ಲಿ ಛೇದ ಸರಿಯಾಗಿ 3. ನಾಲ್ಕೇ ಬೇಕಿದ್ದರೆ ಡೆಲ್ಟಾ ≤ 8 ಎಂಬ ಕಾವಲನ್ನೂ ಸೇರಿಸಿ. ಸೊನ್ನೆಯಲ್ಲಿ ಘನಮೂಲಕ್ಕೆ ಡೆಲ್ಟಾ = ಎಪ್ಸಿಲಾನ್³.

ಇನ್ನೂ ಮೇಲಿನ ಮೂಲಗಳಿಗೆ ಇದೇ ಮಾದರಿ. ನ-ನೇ ಮೂಲಕ್ಕೆ, ಅ > 0 ಇದ್ದಾಗ, ಸ ಎಂಬುದು ಅದ ನ-ನೇ ಮೂಲವಾದರೆ ಛೇದದಲ್ಲಿ ಬರುವ ನ ಪದಗಳಲ್ಲಿ ಕೊನೆಯದೊಂದನ್ನು, ಅಂದರೆ ಸದ (ನ − 1)ನೇ ಘಾತವನ್ನು, ಉಳಿಸಿಕೊಂಡು ಮಿಕ್ಕಿದ್ದನ್ನು ಬಿಡಿ. ಡೆಲ್ಟಾ ಎಂಬುದು ಅ ಮತ್ತು ಆ ಘಾತ × ಎಪ್ಸಿಲಾನ್, ಇವೆರಡರಲ್ಲಿ ಚಿಕ್ಕದು. 16ರ ಬಳಿ ನಾಲ್ಕನೇ ಮೂಲ ಎಂದರೆ ಸ = 2, ಘಾತ 8: ಡೆಲ್ಟಾ = ಕನಿಷ್ಠ(16, 8 ಎಪ್ಸಿಲಾನ್).

‘ಲಿಮಿಟ್ ಇದಲ್ಲ’ ಎಂದು ತೋರಿಸಬೇಕಾದಾಗ

9ರ ಬಳಿ √ಕ್ಷದ ಲಿಮಿಟ್ 2 ಅಲ್ಲ ಎಂದು ಸಾಧಿಸಲು ಸರದಿ ತಿರುಗಿಸಿ. ಈಗ ಎಪ್ಸಿಲಾನ್ ನಿಮ್ಮ ಆಯ್ಕೆ, ಡೆಲ್ಟಾ ಎದುರಿನವರದು. ಎಪ್ಸಿಲಾನ್ = 1 ಎನ್ನಿ. ಅವರು ಯಾವ ಡೆಲ್ಟಾ ಕೊಟ್ಟರೂ ಕ್ಷ = 9 + ಡೆಲ್ಟಾ/2 ತೆಗೆದುಕೊಳ್ಳಿ; √ಕ್ಷ > 3, ಹಾಗಾಗಿ |√ಕ್ಷ − 2| > 1. ಯಾವ ಡೆಲ್ಟಾವೂ ನಡೆಯದು.

ಕೈ ಕೂರಲು ನಾಲ್ಕು ಲೆಕ್ಕ

ಉತ್ತರ ನೋಡುವ ಮೊದಲು ರಫ್ ಕೆಲಸ ನೀವೇ ಮಾಡಿ. ನಿಮ್ಮ ಡೆಲ್ಟಾ ಇಲ್ಲಿನದಕ್ಕಿಂತ ಬೇರೆ ಬಂದರೆ ತಪ್ಪೆಂದು ಕೂಡಲೇ ಹೊಡೆದುಹಾಕಬೇಡಿ, ಎಪ್ಸಿಲಾನ್ 0.1 ಹಾಕಿ ಎಡ, ಬಲ ಅಂಚುಗಳ ಒಂದೊಂದು ಕ್ಷ ಪರೀಕ್ಷಿಸಿ. ಅಲ್ಲಿ ಷರತ್ತು ಮುರಿದರೆ ತಪ್ಪು ಖಂಡಿತ. ಉಳಿದರೆ ಛೇದವನ್ನು ಹಿಡಿದ ಸಾಲನ್ನು ಮತ್ತೊಮ್ಮೆ ಓದಿ.

16ರ ಬಳಿ √ಕ್ಷ, ಲಿಮಿಟ್ 4: ಡೆಲ್ಟಾ = ಕನಿಷ್ಠ(16, 4 ಎಪ್ಸಿಲಾನ್).

1ರ ಬಳಿ √(5 − ಕ್ಷ), ಲಿಮಿಟ್ 2: ಡೊಮೇನ್‌ನ ಅಂಚು ಈ ಸಲ ಬಲಗಡೆ, 5ರಲ್ಲಿ. ಡೆಲ್ಟಾ = ಕನಿಷ್ಠ(4, 2 ಎಪ್ಸಿಲಾನ್). ಈ ರೇಖೆ ತಿರುಗಿ ನಿಂತಿರುವುದರಿಂದ ತೊಂದರೆಯೂ ಬಲ ಅಂಚಿನಿಂದಲೇ ಬರುತ್ತದೆ.

−1ರ ಬಳಿ ∛ಕ್ಷ, ಲಿಮಿಟ್ −1: ಛೇದ ತ² − ತ + 1 = (ತ − 1/2)² + 3/4. ಡೆಲ್ಟಾ = 3 ಎಪ್ಸಿಲಾನ್ / 4.

4ರ ಬಳಿ ಕ್ಷ√ಕ್ಷ, ಲಿಮಿಟ್ 8: ತ = √ಕ್ಷ ಎಂದಿಟ್ಟರೆ ಇದು ತ³, ಲಿಮಿಟ್‌ನಿಂದ ವ್ಯತ್ಯಾಸ |ತ³ − 8|. ಅಂಶದಲ್ಲಿ |ಕ್ಷ − 4| (ತ² + 2ತ + 4), ಛೇದದಲ್ಲಿ ತ + 2. ಒಂದನ್ನು ಮೇಲಿನಿಂದ, ಇನ್ನೊಂದನ್ನು ಕೆಳಗಿನಿಂದ ಹಿಡಿಯಬೇಕು. ಡೆಲ್ಟಾ ≤ 4 ಎಂದರೆ 0 < ಕ್ಷ < 8, ತ < 3; ಅಂಶದ ಗುಣಕ 19ಕ್ಕಿಂತ ಕಡಿಮೆ, ಛೇದ 2ಕ್ಕಿಂತ ಹೆಚ್ಚು, ಡೆಲ್ಟಾ = ಕನಿಷ್ಠ(4, 2 ಎಪ್ಸಿಲಾನ್ / 19). ಭಾಗಾಕಾರವನ್ನು ಮೊದಲೇ ಮಾಡಿ ತ + 4/(ತ + 2) ಎಂದು ಬರೆದುಕೊಂಡವರಿಗೆ ಅದು 3 + 2 = 5ಕ್ಕಿಂತ ಕಡಿಮೆ ಎಂದು ಕಾಣುತ್ತದೆ, ಡೆಲ್ಟಾ = ಕನಿಷ್ಠ(4, ಎಪ್ಸಿಲಾನ್ / 5). ಎರಡೂ ಸರಿ.